ಈಸ್ಟರ್ ಹಬ್ಬ ಒಂದೇ ದಿನಕ್ಕೆ ಮುಗಿಸ್ಬೇಡಿ: 50 ದಿನ ಮನೇಲಿ ಹೆಂಗೆ ಮಾಡೋದು

ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಮಲೆನಾಡಿನ ಕ್ರೈಸ್ತರ ಮನೆಗಳನ್ನ ನೋಡ್ಬೇಕು ಮಾರಾಯ್ರೆ, ಎಷ್ಟು ಶಿಸ್ತು ಅಂದ್ರೆ ಉಪವಾಸ ಶುರುವಾಗೋ ವಿಭೂತಿ ಬುಧವಾರದಿಂದ ಹಂದಿಮಾಂಸ ಬಂದ್, ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆ ತಪ್ಪಲ್ಲ, ಮದುವೆ ಮಾತುಕತೆ ಎಲ್ಲ ಮುಂದಕ್ಕೆ, ಕುಡಿಯೋರು ಸಹ 40 ದಿನ ಬಾಟ್ಲಿ ಕಡೆ ತಿರುಗಿ ನೋಡಲ್ಲ. ಆಮೇಲೆ ಯೇಸು ಸಾವಿಂದ ಎದ್ದು ಬಂದ ಹಬ್ಬ, ಈಸ್ಟರ್ ಬರತ್ತೆ. ಶನಿವಾರ ರಾತ್ರಿ ಜಾಗರಣೆ ಪೂಜೆ, ಬೆಳಿಗ್ಗೆ ಸನ್ನ (ಇಡ್ಲಿ ಥರದ್ದು), ಮಧ್ಯಾಹ್ನ ಬಫಾತ್ (ಹಂದಿಮಾಂಸದ ಸಾರು), ಊಟ ಆದ್ಮೇಲೆ ಒಂದು ಗಡದ್ದು ನಿದ್ದೆ. ಸೋಮವಾರ ತೋಟಕ್ಕೆ ನೀರು ಬಿಡೋಕೆ ಹೊರಟ್ವಿ ಅಂದ್ರೆ ಹಬ್ಬ ಮುಗೀತು ಅಂತ ಲೆಕ್ಕ.

ಚರ್ಚಿನ ಲೆಕ್ಕ ಬೇರೆನೇ ಇದೆ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದ (ಈಸ್ಟರ್ ಹಿಂದಿನ ದಿನ) ತನಕ ಎಣಿಸಿದ್ರೆ 46 ದಿನ ಬರತ್ತೆ, ಅದ್ರಲ್ಲಿ 6 ಭಾನುವಾರ ತೆಗೀತಾರೆ, ಯಾಕಂದ್ರೆ ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ, ಹಂಗಾಗಿ 40. ಈಸ್ಟರ್ ಭಾನುವಾರದಿಂದ ಪೆಂತೆಕೋಸ್ತ್ (ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಹಬ್ಬ) ಭಾನುವಾರದ ತನಕ ಎಣಿಸಿ, ಭಾನುವಾರಗಳೂ ಸೇರಿ 50. ಅಂದ್ರೆ ಉಪವಾಸಕ್ಕಿಂತ ಹಬ್ಬಕ್ಕೇ 10 ದಿನ ಜಾಸ್ತಿ ಇಟ್ಟಿದಾರೆ ಹಿರಿಯರು, ನಾವು ನೋಡಿದ್ರೆ 40ನ್ನ ಪೂರ್ತಿ ಮಾಡಿ 50ನ್ನ ಒಂದೇ ಮಧ್ಯಾಹ್ನದ ಊಟದಲ್ಲಿ ಮುಗಿಸ್ತೀವಿ. ಉಪವಾಸ ಮಾಡೋಕೆ ಮನಸ್ಸು ಬರ್ಲಿ ಅಂತ ಯಾರೂ ಕಾಯಲ್ಲ, ದಿನ ಬಂತು ಮಾಡಿದ್ವಿ ಅಷ್ಟೆ. ಸಂತೋಷಕ್ಕೆ ಮಾತ್ರ ಮನಸ್ಸು ಬರ್ಲಿ, ಅಡಿಕೆ ರೇಟ್ ಬರ್ಲಿ, ಮಗನಿಗೆ ಕೆಲಸ ಸಿಗ್ಲಿ ಅಂತ ಕಾಯ್ತೀವಿ. ನನ್ನ ಕೇಳಿದ್ರೆ ಸಂತೋಷಕ್ಕೂ ಉಪವಾಸದ ಹಾಗೇ ದಿನ, ಹೊತ್ತು, ಜವಾಬ್ದಾರಿ ಎಲ್ಲ ಗೊತ್ತು ಮಾಡ್ಬೇಕು. ಅದನ್ನ ಮಾಡೋದು ಹೆಂಗೆ ಅಂತಾನೇ ಇಲ್ಲಿ ಬರೀತಿದೀನಿ.

ಮೊದಲು ಕ್ಯಾಲೆಂಡರ್ ತಗೊಳ್ಳಿ, ಅಡುಗೆ ಮನೇಲಿ ನೇತು ಹಾಕಿರ್ತೀರಲ್ಲ ಅದೇ ಸಾಕು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರ ಬೇಕಾದ್ರೂ ಬೀಳಬಹುದು, ಹಂಗಾಗಿ ಪೆಂತೆಕೋಸ್ತ್ ಮೇ 10ರಿಂದ ಜೂನ್ 13ರೊಳಗೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಪೆಂತೆಕೋಸ್ತ್ ಮೇ 16ಕ್ಕೆ, 2028ರಲ್ಲಿ ಏಪ್ರಿಲ್ 16 ಮತ್ತು ಜೂನ್ 4. ಈ ಎರಡು ತಾರೀಕಿನ ನಡುವೆ ಎಲ್ಲಾ ಭಾನುವಾರಕ್ಕೂ ರೌಂಡ್ ಹಾಕಿ. ಮಲೆನಾಡಲ್ಲಿ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ ಕಣ್ರಿ, ಅಡಿಕೆ ಕೊನೆ ಕೊಯ್ಲು ಮುಗಿದಿರತ್ತೆ, ನಾಟಿಗೆ ಇನ್ನೂ ಹೊತ್ತಿರತ್ತೆ, ಮಕ್ಕಳಿಗೆ ರಜೆ, ಮರದಲ್ಲಿ ಹಲಸು ಮಾವು, ಮಧ್ಯ ಮಧ್ಯ ಗುಡುಗು ಮಳೆ. ಬೆಂಗಳೂರಿಂದ ಮಕ್ಕಳು ಮೊಮ್ಮಕ್ಕಳು ಬರೋದೂ ಆಗ್ಲೇ.

ಇನ್ನು ಮೊದಲ ಎಂಟು ದಿನ. ಈಸ್ಟರ್ ಭಾನುವಾರದಿಂದ ಮುಂದಿನ ಭಾನುವಾರದ ತನಕ ಚರ್ಚಲ್ಲಿ ಪ್ರತಿ ದಿನವನ್ನೂ ಮಹೋತ್ಸವ ಅಂತಾನೇ ಲೆಕ್ಕ ಹಿಡೀತಾರೆ, ಎಷ್ಟರ ಮಟ್ಟಿಗೆ ಅಂದ್ರೆ ಆ ವಾರದ ಶುಕ್ರವಾರ ಕಥೋಲಿಕರಿಗೆ ಮಾಂಸ ಬಿಡೋ ನಿಯಮ ಅನ್ವಯ ಆಗಲ್ಲ, ಧರ್ಮಸಭೆಯ ಕಾನೂನಲ್ಲೇ 1251ನೇ ನಿಯಮದಲ್ಲಿ ಮಹೋತ್ಸವ ಶುಕ್ರವಾರ ಬಿದ್ರೆ ವರ್ಜನೆ ಇಲ್ಲ ಅಂತ ಇದೆ. ಇದನ್ನ ಹೇಳಿದ್ರೆ ನಮ್ಮ ಹಿರಿಯರು ನಂಬಲ್ಲ, ಫಾದರ್ ಹತ್ರ ಕೇಳ್ಕೊಂಡು ಬಾ ಅಂತಾರೆ, ಹೋಗಿ ಕೇಳಿ. ಹಂಗಂತ ಎಂಟು ದಿನನೂ ಕೋಳಿ ಕೊಯ್ಯೋಕಾಗತ್ತಾ, ಬೇಡ. ಜಾಗರಣೆ ಪೂಜೇಲಿ ಆಶೀರ್ವಾದ ಮಾಡಿದ ನೀರು ಒಂದು ಬಾಟ್ಲಿ ತಂದಿರ್ತೀರಲ್ಲ, ಅದನ್ನ ಬಾಗಿಲ ಸಂದೀಲಿ ಇಟ್ಟು ಮರೆಯೋ ಬದಲು ದಿನಾ ಸಂಜೆ ಮನೆಯವರೆಲ್ಲ ಸೇರಿ ಒಂದೊಂದು ಜಾಗಕ್ಕೆ ಹೋಗಿ ಚಿಮುಕಿಸಿ: ಅಡುಗೆ ಮನೆ, ಬಾವಿಕಟ್ಟೆ, ಕೊಟ್ಟಿಗೆ, ಅಡಿಕೆ ಅಂಗಳ, ಮಕ್ಕಳು ಓದೋ ಕೋಣೆ, ಬೈಕು, ಹಾಸಿಗೆ ಹಿಡಿದ ಅಜ್ಜಿ ಇದ್ರೆ ಅಜ್ಜಿ ಮಂಚ. ಚಿಮುಕಿಸೋ ಕೆಲಸ ಮಕ್ಕಳಿಗೇ ಕೊಡಿ, ಕೊಟ್ಟಿಗೇಲಿ ದನದ ಮೂತಿಗೆ ನೀರು ಬಿದ್ದು ಅದು ತಲೆ ಕೊಡವಿ ಇವ್ರೆಲ್ಲ ಕಿರುಚಿಕೊಂಡು ಹೊರಗೆ ಓಡಿ ಬರೋದಿದೆಯಲ್ಲ, ಬಯ್ಬೇಡಿ, ನಗಲಿ. ಒಳಗೆ ಬಂದು ಅಲ್ಲೆಲೂಯ ಒಂದು ಹಾಡಿ, ತಪಸ್ಸುಕಾಲದ ಉದ್ದಕ್ಕೂ ಹಾಡದೆ ಇಟ್ಟಿದ್ದಲ್ವಾ. ಬಾಯಿಗೆ ಒಂದು ಚೂರು ಬೆಲ್ಲ ಆದ್ರೂ ಸಾಕು, ಸಿಹಿ ಇರ್ಲಿ.

ದೇವರ ಪೀಠಕ್ಕೆ ಬಿಳಿ ಬಟ್ಟೆ ಹಾಕಿ 50 ದಿನನೂ ಬಿಡಿ, ಕೊಳೆ ಆದ್ರೆ ಒಗೆದು ಮತ್ತೆ ಹಾಕಿ. ಹೂವಿಗೆ ದುಡ್ಡು ಹಾಕ್ಬೇಡಿ, ಮೊದಮೊದಲು ಮಲ್ಲಿಗೆ ಇರತ್ತೆ, ಮೇ ಕೊನೆ ಹೊತ್ತಿಗೆ ಮರದ ಮೇಲೆ ಸೀತಾಳೆ ದಂಡೆ ಬಿಡೋಕೆ ಶುರು.

ಪ್ರಾರ್ಥನೆ ವಿಷಯದಲ್ಲಿ ಒಂದು ಹಳೇ ಪದ್ಧತಿ ಇದೆ, ನಂಗೆ ಬಹಳ ಇಷ್ಟ. ಕ್ರಿ.ಶ. 325ರಲ್ಲಿ ನಿಸೇಯದಲ್ಲಿ ಸೇರಿದ್ದ ಮಹಾಸಭೆ ತನ್ನ 20ನೇ ನಿಯಮದಲ್ಲಿ ಭಾನುವಾರಗಳಲ್ಲೂ ಪೆಂತೆಕೋಸ್ತ್ ತನಕದ ಈ ದಿನಗಳಲ್ಲೂ ಯಾರೂ ಮಂಡಿ ಊರಬಾರದು, ನಿಂತ್ಕೊಂಡೇ ಪ್ರಾರ್ಥನೆ ಮಾಡ್ಬೇಕು ಅಂತ ತೀರ್ಮಾನ ಮಾಡಿತ್ತು. ಮಂಡಿ ಊರೋದು ಪಶ್ಚಾತ್ತಾಪದ ಭಂಗಿ, ನಿಲ್ಲೋದು ಎದ್ದವರ ಭಂಗಿ. ಚರ್ಚಲ್ಲಿ ಈಗ ಯಾವ ಪದ್ಧತಿ ಇದೆಯೋ ಅಲ್ಲಿ ಅದನ್ನೇ ಮಾಡಿ, ಎಲ್ರೂ ಮಂಡಿ ಊರಿದಾಗ ನೀವೊಬ್ರೇ ನಿಂತು ಶೋ ಕೊಡ್ಬೇಡಿ, ಆದ್ರೆ ಮನೆ ಸಂಜೆ ಪ್ರಾರ್ಥನೇಲಿ 50 ದಿನ ಎಲ್ರೂ ನಿಂತ್ಕೊಂಡು ಮಾಡ್ಬಹುದು. ಮಂಡಿ ನೋವಿನ ಅಜ್ಜಿಯಂದಿರು ಇದಕ್ಕೆ ಕೂಡ್ಲೇ ಒಪ್ತಾರೆ. ತ್ರಿಕಾಲ ಪ್ರಾರ್ಥನೆ (ದಿನಕ್ಕೆ ಮೂರು ಹೊತ್ತು ಮಾತೆ ಮರಿಯಮ್ಮನವರಿಗೆ ಹೇಳೋದು) ಹೇಳೋ ಅಭ್ಯಾಸ ಇರೋ ಮನೇಲಿ ಈ ದಿನಗಳಲ್ಲಿ ಅದರ ಬದಲು ಸ್ವರ್ಗದ ರಾಣಿಗೆ ಸಂತೋಷಪಡು ಅನ್ನೋ ಪ್ರಾರ್ಥನೆ ಬರತ್ತೆ, ಅದನ್ನೂ ನಿಂತ್ಕೊಂಡೇ ಹೇಳೋದು, ಚಿಕ್ಕದು, ಮಕ್ಕಳಿಗೆ ಎರಡು ದಿನದಲ್ಲಿ ಬಾಯಿಗೆ ಬರತ್ತೆ.

ಓದೋಕೆ ಬೈಬಲ್ಲಲ್ಲಿ ಪ್ರೇಷಿತರ, ಅಂದ್ರೆ ಯೇಸುವಿನ ಶಿಷ್ಯರ, ಕಥೆ ಇರೋ ಪ್ರೇಷಿತರ ಕಾರ್ಯಕಲಾಪಗಳು ತಗೊಳ್ಳಿ (ಸಿಎಸ್‌ಐ ಅನ್ನೋ ಪ್ರೊಟೆಸ್ಟಂಟ್ ಸಭೆಯ ಮನೆಯವರ ಬೈಬಲ್ಲಲ್ಲಿ ಅಪೊಸ್ತಲರ ಕೃತ್ಯಗಳು ಅಂತ ಇರತ್ತೆ). ಒಟ್ಟು 28 ಅಧ್ಯಾಯ, ಪೂಜೇಲೂ ಈ ಕಾಲದಲ್ಲಿ ಅದನ್ನೇ ಓದ್ತಾರೆ, ದಿನ ಬಿಟ್ಟು ದಿನ ಒಂದು ಅಧ್ಯಾಯ ಓದಿದ್ರೂ ಪೆಂತೆಕೋಸ್ತ್ ಹೊತ್ತಿಗೆ ಹತ್ರ ಹತ್ರ ಮುಗಿಯತ್ತೆ. ಮಕ್ಕಳು ಆಕಳಿಸ್ತಾರೆ ಅಂತ ಹೆದರ್ಬೇಡಿ, ಈ ಪುಸ್ತಕದಲ್ಲಿ ನಗೋ ಜಾಗಗಳು ಬೇಕಾದಷ್ಟಿದೆ. 12ನೇ ಅಧ್ಯಾಯದಲ್ಲಿ ಪೇತ್ರ ಜೈಲಿಂದ ತಪ್ಪಿಸ್ಕೊಂಡು ಬಂದು ರಾತ್ರಿ ಬಾಗಿಲು ತಟ್ಟಿದ್ರೆ ರೋದೆ ಅನ್ನೋ ಕೆಲಸದ ಹುಡುಗಿ ಅವನ ದನಿ ಕೇಳಿ ಖುಷಿಗೆ ಬಾಗಿಲು ತೆಗೆಯೋದೇ ಮರೆತು ಒಳಗೆ ಓಡಿ ಪೇತ್ರ ಬಂದಿದಾನೆ ಅಂತಾಳೆ, ಒಳಗಿದ್ದೋರು ನಿಂಗೆ ಹುಚ್ಚು ಅಂತಾರೆ, ಪಾಪ ಪೇತ್ರ ಹೊರಗೆ ತಟ್ಟುತ್ತಾನೇ ಇರ್ತಾನೆ. ಒಳಗೆ ಕೂತಿದ್ದೋರೆಲ್ಲ ಅವನಿಗೋಸ್ಕರಾನೇ ಪ್ರಾರ್ಥನೆ ಮಾಡ್ತಿದ್ರು ಅನ್ನೋದು ಬೇರೆ! 20ನೇ ಅಧ್ಯಾಯದಲ್ಲಿ ಪೌಲನ ಪ್ರಸಂಗ ಮಧ್ಯರಾತ್ರಿ ತನಕ ಎಳೆದು ಯೂತಿಕ ಅನ್ನೋ ಹುಡುಗ ಕಿಟಕಿ ಮೇಲೆ ಕೂತು ನಿದ್ದೆ ಹೋಗಿ ಮೂರನೇ ಮಹಡಿಯಿಂದ ಬೀಳ್ತಾನೆ (ಬದುಕ್ತಾನೆ, ಗಾಬರಿ ಬೇಡ). ಇನ್ನು 16ನೇ ಅಧ್ಯಾಯ, ಪೌಲ ಸೀಲರಿಗೆ ಹೊಡೆದು ಕಾಲಿಗೆ ಕೋಳ ಹಾಕಿ ಜೈಲಿನ ಒಳಕೋಣೇಲಿ ಕೂಡಿಟ್ಟಿದಾರೆ, ಮಧ್ಯರಾತ್ರಿ ಇವ್ರು ಹಾಡ್ತಿದಾರೆ. ಬೆನ್ನಿನ ಗಾಯ ಹಸಿ ಇರೋವಾಗ್ಲೇ ಹಾಡ್ತಾರೆ, ವಾಸಿಯಾದ್ಮೇಲೆ ಹಾಡಿದ್ದಲ್ಲ. ಅದೇ ರಾತ್ರಿ ಜೈಲಿನ ಅಧಿಕಾರಿ ಅವ್ರ ಗಾಯ ತೊಳೆದು, ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿ ಮನೆಮಂದಿ ಜೊತೆ ಸಂತೋಷಪಟ್ಟ ಅಂತ ಇದೆ.

ಈಗ ಊಟದ ವಿಷಯಕ್ಕೆ ಬರೋಣ. ಪುನರುತ್ಥಾನ ಆದ್ಮೇಲಿನ ಕಥೆಗಳಲ್ಲಿ ಎಷ್ಟು ಊಟ ಇದೆ ನೋಡಿ, ಈಸ್ಟರ್ ವಾರದ ಬುಧವಾರ ಎಮ್ಮಾವುಸ್ ದಾರಿಯ ಕಥೆ ಓದ್ತಾರೆ, ದಾರೀಲಿ ಜೊತೆಯಾದ ಯೇಸುವಿನ ಗುರುತು ಇಬ್ಬರು ಶಿಷ್ಯರಿಗೆ ಸಿಕ್ಕಿದ್ದು ಅವರು ರೊಟ್ಟಿ ಮುರಿದಾಗ್ಲೇ. ಗುರುವಾರ ಯೇಸು ತಿನ್ನೋಕೆ ಏನಾದ್ರೂ ಇದೆಯಾ ಅಂತ ಕೇಳಿ ಸುಟ್ಟ ಮೀನು ತಿಂತಾರೆ. ಶುಕ್ರವಾರ ಯೊವಾನ್ನ 21ನೇ ಅಧ್ಯಾಯ, ಕೆಂಡದ ಮೇಲೆ ಮೀನು ಇಟ್ಟು ಸ್ವತಃ ಅಡುಗೆ ಮಾಡಿ ಬನ್ನಿ ತಿಂಡಿ ತಿನ್ನಿ ಅಂತ ಕರೀತಾರೆ, ಬಲೇಲಿ 153 ಮೀನು ಬಿದ್ದಿರೋದು ಅವತ್ತೇ. ಪ್ರಭುವೇ ಒಲೆ ಹಚ್ಚಿರೋವಾಗ ನಮ್ಮ ಮನೆ ಗಂಡಸರಿಗೆ ಎಂತ ಕಷ್ಟ? ನಮ್ಮಲ್ಲಿ ಹಬ್ಬ ಅಂದ್ರೆ ಹೆಂಗಸರಿಗೆ ಡಬಲ್ ಡ್ಯೂಟಿ, ಶನಿವಾರ ಮಧ್ಯಾಹ್ನ ಅಕ್ಕಿ ಉದ್ದು ನೆನೆಹಾಕಿ, ಸಂಜೆ ರುಬ್ಬಿ, ಜಾಗರಣೆ ಪೂಜೆಯಿಂದ ಬಂದು ಎರಡು ಗಂಟೆ ಮಲಗಿ, ಮತ್ತೆ ಎದ್ದು ಸನ್ನ ಬೇಯಿಸಿ, ಮಾಂಸಕ್ಕೆ ಮಸಾಲೆ ಅರೆದು, ಬಂದವರಿಗೆಲ್ಲ ಬಡಿಸಿ, ಇವರು ಎಲೆ ಮುಂದೆ ಕೂರೋ ಹೊತ್ತಿಗೆ ಮೂರೂವರೆ, ಪಾತ್ರೆ ತಳದಲ್ಲಿ ಬರೀ ಮೂಳೆ. ಲೂಕ 15ರಲ್ಲಿ ಮನೆ ಬಿಟ್ಟು ಹೋಗಿದ್ದ ತಮ್ಮ ವಾಪಸ್ ಬಂದ ಅಂತ ಅಪ್ಪ ಹಬ್ಬದೂಟ ಇಟ್ಟಾಗ ದೊಡ್ಡ ಮಗ ಹೊಲದಿಂದ ಬಂದು ಒಳಗೆ ವಾದ್ಯ ಕೇಳಿ ಮುನಿಸ್ಕೊಂಡು ಹೊರಗೇ ನಿಂತ ಅಂತ ಓದಿ ಅವನಿಗೆ ಹೊಟ್ಟೆಕಿಚ್ಚು ಅಂತ ಪ್ರಸಂಗ ಮಾಡ್ತೀವಿ, ಆದ್ರೆ ಅಪ್ಪ ಎದ್ದು ಹೊರಗೆ ಬಂದು ಅವನನ್ನ ಕರೆದ ಅನ್ನೋದನ್ನ ಬಿಟ್ಬಿಡ್ತೀವಿ. ನಿಮ್ಮ ಮನೇಲಿ ಹೊರಗೆ ಉಳಿದೋರು ಅಡುಗೆ ಮನೇಲಿದಾರೆ, ಹೋಗಿ ಕರೀರಿ. ಈಸ್ಟರ್ ಸೋಮವಾರದ ಅಡುಗೆ ಗಂಡಸರದ್ದು ಅಂತ ರೂಲ್ ಮಾಡಿ, ಅನ್ನ ಮೊಟ್ಟೆ ಸಾರು ಆದ್ರೂ ಪರವಾಗಿಲ್ಲ. ದೊಡ್ಡ ಹಬ್ಬದೂಟಕ್ಕೆ ಈಸ್ಟರ್ ದಿನಾನೇ ಆಗ್ಬೇಕಂತಿಲ್ಲ, ಮೂರನೇ ಭಾನುವಾರಕ್ಕೆ (ಈಸ್ಟರ್ ಭಾನುವಾರನೂ ಸೇರಿಸಿ ಎಣಿಸಿ) ಇಟ್ಕೊಳ್ಳಿ. ಭಾನುವಾರದ ಪೂಜೇಲಿ ಓದೋ ಬೈಬಲ್ ಪಾಠಗಳು ಮೂರು ವರ್ಷಕ್ಕೆ ಒಂದು ಸುತ್ತು ಬರತ್ತೆ, ಅದ್ರಲ್ಲಿ ಯಾವ ವರ್ಷ ನೋಡಿದ್ರೂ ಆ ಭಾನುವಾರದ ಶುಭಸಂದೇಶದಲ್ಲಿ ಊಟ ಇದ್ದೇ ಇರತ್ತೆ, ಜೊತೆಗೆ ಯಾರಿಗೂ ನಿದ್ದೆಗೆಟ್ಟ ಸುಸ್ತು ಇರಲ್ಲ.

ಊಟಕ್ಕಿಂತ ಮುಖ್ಯ ಪಾಲು. ನೆಹೆಮೀಯ 8ನೇ ಅಧ್ಯಾಯದಲ್ಲಿ ಸೆರೆಯಿಂದ ವಾಪಸ್ ಬಂದ ಜನ ಧರ್ಮಶಾಸ್ತ್ರ ಓದಿದ್ದು ಕೇಳಿ ಅಳೋಕೆ ಶುರು ಮಾಡ್ತಾರೆ, ಆಗ ಅವರಿಗೆ ಅಳಬೇಡಿ, ಹೋಗಿ ಚೆನ್ನಾಗಿರೋದು ಊಟ ಮಾಡಿ, ಸಿಹಿ ಕುಡೀರಿ, ಏನೂ ಮಾಡ್ಕೊಳ್ಳೋಕೆ ಆಗ್ದೆ ಇರೋರಿಗೆ ಪಾಲು ಕಳಿಸಿ, ಯಾಕಂದ್ರೆ ಸರ್ವೇಶ್ವರನ ಆನಂದವೇ ನಿಮ್ಮ ಬಲ ಅಂತ ಹೇಳ್ತಾರೆ. ಆನಂದವೇ ಬಲ ಅನ್ನೋ ಕೊನೆ ತುಂಡು ಮಾತ್ರ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತು ಹಾಕ್ತೀವಿ, ಪಾಲು ಕಳಿಸಿ ಅನ್ನೋದು ಅದೇ ವಚನದಲ್ಲಿದೆ, ಅದು ಫ್ರೇಮಿಗೆ ಬರಲ್ಲ. ಧರ್ಮೋಪದೇಶಕಾಂಡ 16ರಲ್ಲಂತೂ ಹಬ್ಬದಲ್ಲಿ ಯಾರ್ಯಾರು ಸಂತೋಷಪಡ್ಬೇಕು ಅಂತ ಪಟ್ಟಿನೇ ಇದೆ, ನೀನು, ಮಗ, ಮಗಳು, ಆಳುಗಳು, ಊರಲ್ಲಿರೋ ಪರದೇಶಿ, ತಬ್ಬಲಿ, ವಿಧವೆ.

ನೀವೂ ಒಂದು ಪಟ್ಟಿ ಮಾಡಿ. ತೋಟದ ಕೆಲಸಕ್ಕೆ ಬರೋರು, ಕೊನೆ ಕೊಯ್ಯೋರು, ಸುಲಿಯೋಕೆ ಬರ್ತಿದ್ದ ಹೆಂಗಸರು, ಬಡಗಿ ಕೆಲಸಕ್ಕೆ ಉತ್ತರದ ರಾಜ್ಯಗಳಿಂದ ಬಂದು ಶೆಡ್ಡಲ್ಲಿ ಇರೋ ಹುಡುಗ್ರು, ಮಕ್ಕಳೆಲ್ಲ ಹೊರದೇಶದಲ್ಲಿರೋ ಒಂಟಿ ಮುದುಕರು. ಒಂದೇ ದಿನ ಎಲ್ಲರ ಮನೆಗೂ ಹೋಗೋಕೆ ಮಲೆನಾಡಲ್ಲಿ ಆಗಲ್ಲ, ಒಂದು ಮನೆಗೂ ಇನ್ನೊಂದು ಮನೆಗೂ ಒಂದೊಂದು ಗುಡ್ಡ ಅಡ್ಡ, ಅದಕ್ಕೇ ವಾರಕ್ಕೆ ಒಂದು ಮನೆ ಅಂತ ಇಟ್ಕೊಳ್ಳಿ, 50 ದಿನ ಇರೋದರ ಲಾಭ ಇದೇ. ಎಂತ ಕಳಿಸೋದು ಅನ್ನೋದನ್ನೂ ಯೋಚನೆ ಮಾಡಿ. ಹವ್ಯಕರ ಮನೆಗೆ ಮೊಟ್ಟೆ ಹಾಕಿದ ಕೇಕ್ ಕೊಟ್ರೆ ಅವ್ರು ನಗ್ತಾ ತಗೊಂಡು ಹಿತ್ತಲ ಕಡೆ ಇಡ್ತಾರೆ, ಅಲ್ಲಿಗೆ ಬಾಳೆಗೊನೆನೋ ಮಾವಿನಹಣ್ಣೋ ಒಳ್ಳೇದು, ಹಲಸು ಮಾತ್ರ ಬೇಡ, ಅವರ ತೋಟದಲ್ಲೂ ಬಿದ್ದು ಕೊಳೀತಿರತ್ತೆ. ಸಾಬರ ಮನೆಗೆ ಹಂದಿಮಾಂಸ ಮಾಡಿದ ಪಾತ್ರೇಲಿ ಏನೂ ಹಾಕಿ ಕಳಿಸ್ಬೇಡಿ, ಬೇಕರಿಯಿಂದ ಪ್ಯಾಕ್ ಮಾಡಿದ ಸಿಹಿ ಸಾಕು. ನಮ್ಮ ನಮ್ಮಲ್ಲೂ ಓಡಾಟ ಕಮ್ಮಿನೇ: ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ಕೆಳಗಿನ ಪ್ರದೇಶ) ಆಗಿದ್ದು 1988ರಲ್ಲಿ, ಕೇರಳ ಮೂಲದ ಸಿರೋ ಮಲಬಾರ್‌ನವರ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ, ಜೊತೆಗೆ ಸಿಎಸ್‌ಐನವರು ಬೇರೆ, ಕೊಂಕಣಿ ತಮಿಳು ಮಲಯಾಳಂ ಕನ್ನಡ ಅಂತ ಒಂದೇ ಊರಲ್ಲಿ ನಾಲ್ಕು ಗುಂಪು, ಒಬ್ಬರ ಮನೆ ಹಬ್ಬದೂಟ ಇನ್ನೊಬ್ರು ನೋಡಿರಲ್ಲ. ಸನ್ನ ಮಾಡೋ ಮನೆಯವರು ಒಂದ್ಸಲ ಅಪ್ಪಂ ಸ್ಟ್ಯೂ ಮಾಡೋ ಮನೇಲಿ ಕೂತು ತಿನ್ನಿ.

ಎರಡನೇ ಭಾನುವಾರ ತೋಮ ಅನ್ನೋ ಶಿಷ್ಯನ ಕಥೆ ಬರತ್ತೆ, ಯೇಸು ಎದ್ದಿದ್ದನ್ನ ನಾನು ನೋಡ್ದೆ ನಂಬಲ್ಲ ಅಂದವನು. ಅವನನ್ನ ಉಳಿದವರು ಗುಂಪಿಂದ ಹೊರಗೆ ಹಾಕಿರಲಿಲ್ಲ, ಎಂಟು ದಿನ ಆದ್ಮೇಲೂ ಅವರ ಜೊತೆನೇ ಇದ್ದ. ಚರ್ಚಿಗೆ ಬರೋದು ಬಿಟ್ಟಿರೋ ಒಬ್ಬರನ್ನ ಆ ಭಾನುವಾರ ಮನೆಗೆ ಊಟಕ್ಕೆ ಕರೀರಿ. ಯಾಕೆ ಬರ್ತಿಲ್ಲ ಅಂತ ಕೇಳೋ ಹಂಗಿಲ್ಲ, ಬರೀ ಊಟ.

ಸಾವಾಗಿರೋ ಮನೆಗಳದ್ದು ಸೂಕ್ಷ್ಮ ವಿಷಯ. ವರ್ಷ ತುಂಬೋ ತನಕ ಹಬ್ಬ ಮಾಡಲ್ಲ ಅನ್ನೋದು ಅಕ್ಕಪಕ್ಕದವರಲ್ಲೂ ಇದೆ, ನಮ್ಮಲ್ಲೂ ಸುಮಾರು ಮನೇಲಿ ಆ ವರ್ಷ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡಲ್ಲ. ಅಂಥವರಿಗೆ ಈಸ್ಟರ್ ಅಲ್ವಾ, ನಗ್ಬೇಕು, ಅಳಬಾರದು, ಅವ್ರು ಸ್ವರ್ಗದಲ್ಲಿದಾರೆ ಅಂತ ಬೋಧನೆ ಮಾಡೋರನ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ. ಮೊದಲನೇ ಈಸ್ಟರ್ ಬೆಳಿಗ್ಗೆ ಮಗ್ದಲದ ಮರಿಯ ಸಮಾಧಿ ಹತ್ರ ಅಳ್ತಾ ನಿಂತಿದ್ಲು, ಪುನರುತ್ಥಾನ ಆದ ದೇಹದಲ್ಲೂ ಮೊಳೆ ಗಾಯ ಹಂಗೇ ಇತ್ತು. ಸಂತ ಪೌಲ ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ನಗೋರ ಜೊತೆ ನಗಿ, ಅಳೋರ ಜೊತೆ ಅಳಿ ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಾನೆ. ಆ ಮನೆಗೆ ಹೋಗೋದು ತಪ್ಪಿಸ್ಬೇಡಿ, ಹೋಗೋವಾಗ ಊಟದ ಕ್ಯಾರಿಯರ್ ತಗೊಂಡು ಹೋಗಿ, ಬಡಿಸಿ, ಪಾತ್ರೆ ತೊಳೆದಿಟ್ಟು ಬನ್ನಿ. ತೀರಿಕೊಂಡವರ ಮಾತು ಅವರೇ ತೆಗೆದ್ರೆ ಕೂತು ಕೇಳಿ.

ಕುಡಿಯೋದರ ಬಗ್ಗೆ ಜಾಸ್ತಿ ಹೇಳಲ್ಲ. ಕಾನಾ ಊರಿನ ಮದುವೇಲಿ ಯೇಸುನೇ ದ್ರಾಕ್ಷಾರಸ ಮಾಡಿಕೊಟ್ರಲ್ಲ ಅಂತ ವಾದ ಮಾಡೋರು ಪ್ರತಿ ಮನೇಲೂ ಒಬ್ರು ಇರ್ತಾರೆ. ಸರಿ, ಆರು ಕಲ್ಲಿನ ಬಾನಿ, ಒಂದೊಂದಕ್ಕೆ ಸುಮಾರು 80ರಿಂದ 120 ಲೀಟರ್, ಅಂದ್ರೆ ಹತ್ರ ಹತ್ರ 500ರಿಂದ 700 ಲೀಟರ್ ಆಯ್ತು, ಆದ್ರೆ ಅದು ಮದುವೆಗೆ ಸೇರಿದ ಜನರಿಗೆಲ್ಲ, ಹಿತ್ತಲಲ್ಲಿ ನಾಲ್ಕು ಜನ ಭಾವಂದಿರಿಗೆ ಅಲ್ಲ. ಮೊದಲ ಗ್ಲಾಸಿಗೆ ನಗು, ನಾಲ್ಕನೇದಕ್ಕೆ ಆಸ್ತಿ ಜಗಳ, ಇದನ್ನ ನೋಡದೆ ಇರೋರು ಯಾರಿದಾರೆ. ಬಾಟ್ಲಿ ಊಟದ ಟೇಬಲ್ ಮೇಲೆ ಎಲ್ಲರ ಎದುರಿಗೆ ಇರ್ಲಿ, ಊಟದ ಜೊತೆ ಮುಗೀಲಿ. ಸಾಲ ಮಾಡಿ ಹಬ್ಬ ಮಾಡೋದೂ ಬೇಡ. ಹಲವು ಧರ್ಮಕೇಂದ್ರದಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದ (ಪೂಜೇಲಿ ಮೊದಲ ಸಲ ಪ್ರಸಾದ ತಗೊಳ್ಳೋದು) ಇದೇ ರಜೇಲಿ ಇಡ್ತಾರೆ, ಈಗ ಅದಕ್ಕೂ ಹಾಲ್ ಬುಕಿಂಗ್, ಡಿಜೆ, ಡ್ರೋನ್ ಅಂತ ಶುರುವಾಗಿದೆ, ಎಂತಕ್ಕೆ ಬೇಕು ಹೇಳಿ. ಆ ಮಗುವಿನ ಕ್ಲಾಸಿನ ಎಲ್ಲಾ ಮಕ್ಕಳೂ ಚರ್ಚ್ ಅಂಗಳದಲ್ಲಿ ಒಟ್ಟಿಗೆ ಕೂತು ಪಲಾವ್ ಐಸ್‌ಕ್ರೀಂ ತಿಂದ್ರೆ ಅವ್ರಿಗೆ ಅದೇ ದೊಡ್ಡ ಪಾರ್ಟಿ, ಬಡವರ ಮನೆ ಮಗುಗೂ ಸಂಕೋಚ ಇಲ್ಲ.

40ನೇ ದಿನಕ್ಕೆ ಯೇಸುವಿನ ಸ್ವರ್ಗಾರೋಹಣ, ಗುರುವಾರ ಬೀಳತ್ತೆ, ಸುಮಾರು ಕಡೆ ಮುಂದಿನ ಭಾನುವಾರಕ್ಕೆ ಹಾಕ್ತಾರೆ. ಅಲ್ಲಿಗೆ ಹಬ್ಬ ಸ್ವಲ್ಪ ಸೊರಗಿರತ್ತೆ, ಮಕ್ಕಳು ವಾಪಸ್ ಹೊರಟಿರ್ತಾರೆ, ಮಳೆಗಾಲಕ್ಕೆ ಸೌದೆ ಒಟ್ಟೋದು, ಹಂಚು ಸರಿ ಮಾಡ್ಸೋದು ಅಂತ ಕೆಲಸ ತಲೆ ಮೇಲೆ ಕೂತಿರತ್ತೆ, ಪರವಾಗಿಲ್ಲ, ಗುರುವಾರದಿಂದ ಪೆಂತೆಕೋಸ್ತ್ ನಡುವಿನ ಒಂಬತ್ತು ದಿನ ಪ್ರೇಷಿತರು ಮಾತೆ ಮರಿಯಮ್ಮನವರ ಜೊತೆ ಸೇರಿ ಪ್ರಾರ್ಥನೆ ಮಾಡ್ತಾ ಕಾದಿದ್ರು, ನೀವೂ ಸಂಜೆ ಹತ್ತು ನಿಮಿಷ ಸೇರಿದ್ರೆ ಸಾಕು. ಪಟ್ಟಿಲಿ ಉಳಿದಿರೋ ಮನೆಗಳಿಗೆ ಈ ವಾರ ಹೋಗಿ ಬನ್ನಿ, ಮಳೆ ಹಿಡೀತು ಅಂದ್ರೆ ಆಗಲ್ಲ. ಪೆಂತೆಕೋಸ್ತ್ ದಿನ ರಾತ್ರಿ ಪೀಠದ ಬಿಳಿ ಬಟ್ಟೆ ತೆಗೆದು ಒಗೆಯೋಕೆ ಹಾಕಿ, ಚರ್ಚಲ್ಲೂ ಈಸ್ಟರ್ ಜಾಗರಣೇಲಿ ಹಚ್ಚಿದ ದೊಡ್ಡ ಪಾಸ್ಖ ಮೇಣದಬತ್ತಿನ ಪೀಠದ ಹತ್ರದಿಂದ ತೆಗೆದು ಜ್ಞಾನಸ್ನಾನದ ತೊಟ್ಟಿ ಹತ್ರ ಇಡ್ತಾರೆ.

ಪಾಲು ಕೊಟ್ಟ ಮನೆಗಳ ಪಟ್ಟಿ ಮಾತ್ರ ಬಿಸಾಕ್ಬೇಡಿ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರ ಜನ್ಮದಿನ, ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸೋ ತೆನೆ ಹಬ್ಬ, ಅವತ್ತು ಮತ್ತೆ ಬೇಕಾಗತ್ತೆ. ನಮ್ಮ ಗದ್ದೆ ಹೊಡೆ ಬರೋದೇ ಭೂಮಿ ಹುಣ್ಣಿಮೆ ಹೊತ್ತಿಗೆ, ಅದಿನ್ನೂ ಹತ್ರ ಹತ್ರ ಒಂದು ತಿಂಗಳೋ ಅದಕ್ಕಿಂತ ಜಾಸ್ತಿನೋ ಇರತ್ತೆ, ಹಂಗಾಗಿ ತೆನೆ ಘಟ್ಟದ ಕೆಳಗಿಂದ ತರಿಸ್ಬೇಕಾದ್ರೆ ಆಗಸ್ಟ್ ಕೊನೇಲೇ ಯಾರಿಗಾದ್ರೂ ಹೇಳಿಡಿ.